ಒಂದು ಬೀಜ, ನಾಲ್ಕು ಡಬ್ಬಿ

ನಮ್ಮ ಮನೆಯಲ್ಲೀಗ ಎರಡು ಪಕ್ಷ. ಒಂದು ಅಗಸೆ ಬೀಜದ ಪಕ್ಷ, ಇನ್ನೊಂದು ಎಣ್ಣೆ ಪಾರ್ಟಿ. ಎಣ್ಣೆ ಪಾರ್ಟಿ ಅಂದ ತಕ್ಷಣ ಖುಷಿಪಡಬೇಡಿ, ಆ ಎಣ್ಣೆ ಅಲ್ಲ, ಅದೇ ಅಗಸೆ ಹಿಂಡಿದ ಎಣ್ಣೆ.

ಬೀಜದ ಪಕ್ಷದ ಅಧ್ಯಕ್ಷರು ನಮ್ಮ ಚಿಕ್ಕಪ್ಪ. ದಿನಾ ಬೆಳಿಗ್ಗೆ ಒಂದು ಚಮಚ ಬೀಜ ಬಾಯಿಗೆ ಹಾಕಿಕೊಂಡು, ನೀರು ಕುಡಿದು ಗುಳುಂ ಮಾಡುತ್ತಾರೆ. ಅಗಿಯುವುದಿಲ್ಲ, ಹಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತಂತೆ. ಬೀಜದ ಸಿಪ್ಪೆ ನಯ, ಆದರೆ ಗಟ್ಟಿ. ಬಹುಪಾಲು ಬೀಜ ಒಳಗೆ ಹೋಗಿ, ಎಲ್ಲ ನೋಡಿಕೊಂಡು, ಏನೂ ಕೊಡದೆ, ಇದ್ದ ಹಾಗೇ ಹೊರಗೆ ಬರುತ್ತದೆ. ಥೇಟ್ ನೆರೆ ವೀಕ್ಷಣೆಗೆ ಬಂದ ಮಂತ್ರಿ. ಹೊಟ್ಟೆ ಸಲೀಸಾದರೆ ಅಷ್ಟೇ ಪುಣ್ಯ.

ಎಣ್ಣೆ ಪಾರ್ಟಿ ಅತ್ತಿಗೆಯದು. ಅವರ ಹತ್ತಿರ ಅಂಕಿ ಇದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಒಮೇಗಾ-3 ಅನ್ನೋ ಒಳ್ಳೆಯ ಕೊಬ್ಬು ಸುಮಾರು 7 ಗ್ರಾಂ, ಅಷ್ಟೇ ಬೀಜದ ಪುಡಿಯಲ್ಲಿ ಒಂದೂವರೆ ಗ್ರಾಂ ಆಸುಪಾಸು. ಗೆದ್ದರು ಅಲ್ವಾ? ಅದೇ ಚಮಚದಲ್ಲಿ ಸುಮಾರು 120 ಕ್ಯಾಲರಿ, ನಾರು ಸೊನ್ನೆ. ಅದನ್ನು ಮಾತ್ರ ಹೇಳಲ್ಲ. ಮೀನಿನಲ್ಲಿರುವ ಜಾತಿಯ ಒಮೇಗಾ-3 ಬೇರೆ. ಇದನ್ನು ದೇಹ ಅದಾಗಿ ಬದಲಾಯಿಸುವುದು ಚೂರೇ ಚೂರು. ಅದನ್ನೂ ಹೇಳಲ್ಲ.

ಈ ಎಣ್ಣೆ ಸಾಮಾನ್ಯದ್ದಲ್ಲ ಬಿಡಿ. ಗಾಳಿ ತಾಗಿದರೆ ಒಣಗಿ ಗಟ್ಟಿಯಾಗುತ್ತೆ. ಅದಕ್ಕೇ ಚಿತ್ರಕಾರರು ಬಣ್ಣಕ್ಕೆ ಕಲಸಿದರು, ಕ್ರಿಕೆಟ್ ಬ್ಯಾಟಿಗೂ ಉಜ್ಜಿದರು. ಬಣ್ಣದ ಡಬ್ಬಿಯ ಮೇಲೆ ಕಟ್ಟಿದ್ದ ಇದರ ಕೆನೆ ನೋಡಿ ಫ್ರೆಡೆರಿಕ್ ವಾಲ್ಟನ್ ಅನ್ನೋ ಇಂಗ್ಲಿಷಿನವರು ನೆಲಕ್ಕೆ ಹಾಸುವ ಲಿನೋಲಿಯಂ ಮಾಡಿದರು, 1863ರಲ್ಲಿ ಪೇಟೆಂಟನ್ನೂ ತೆಗೆದುಕೊಂಡರು. ಅತ್ತಿಗೆ ಬಾಟಲಿಯನ್ನು ಒಲೆ ಪಕ್ಕವೇ ಇಟ್ಟಿದ್ದಾರೆ. ಮೊನ್ನೆ ಮುಚ್ಚಳ ತಿರುಗಿಸಿದೆ, ಅಂಟು ಅಂಟು. ಮೂಸಿದರೆ ಈಗಷ್ಟೇ ಬಣ್ಣ ಹೊಡೆದ ಬಾಗಿಲು. ‘ತಣ್ಣಗೆ, ಕತ್ತಲಲ್ಲಿಡಿ, ಬಿಸಿ ಮಾಡಬೇಡಿ’ ಅಂತ ಹಿಂದೆ ಬರೆದಿದೆ, ಇರುವೆ ಕಾಲಿನಷ್ಟು ಅಕ್ಷರದಲ್ಲಿ.

ಮಾರುವವರ ಬುದ್ಧಿಗೆ ಮಾತ್ರ ಕೈ ಮುಗಿಯಬೇಕು. ಬೀಜ ಹಿಂಡಿದರೆ ಎಣ್ಣೆ ಒಂದು ಡಬ್ಬಿ. ಉಳಿದ ಹಿಂಡಿ ‘ನಾರಿನ ಪುಡಿ’ ಅಂತ ಇನ್ನೊಂದು. ಎಣ್ಣೆಯನ್ನೇ ಮಾತ್ರೆಯೊಳಗೆ ತುಂಬಿದರೆ ಮೂರನೆಯದು. ಲಿಗ್ನಾನ್ ಅನ್ನೋ ಒಳ್ಳೆಯ ವಸ್ತು ಹಿಂಡಿಯಲ್ಲೇ ಉಳಿಯಿತಲ್ಲ, ಅದನ್ನು ಮತ್ತೆ ಎಣ್ಣೆಗೆ ಬೆರೆಸಿ ‘ಲಿಗ್ನಾನ್ ಸಮೃದ್ಧ’ ಅಂದರೆ ನಾಲ್ಕನೆಯದು, ಬಂಗಾರದ ಅಕ್ಷರ. ಜೇಬಿನಿಂದ ಕದ್ದು, ಅದನ್ನೇ ಉಡುಗೊರೆ ಕೊಟ್ಟ ಹಾಗೆ.

ಸಾಕಾಗಿದೆ ಕಣ್ರೀ. ‘ಪುಡಿ ಮಾಡಿ ತಿನ್ನಿ’. ಮೂರೇ ಪದ. ಪೊಟ್ಟಣದ ಮುಂದೆ ದಪ್ಪಗೆ ಹಾಕಲು ಏನು ರೋಗ? ಒಬ್ಬರು ಸುಮ್ನೆ ಗುಳುಂ ಮಾಡ್ತಾರೆ, ಇನ್ನೊಬ್ಬರು ಕಮಟು ಎಣ್ಣೆ ಕುಡೀತಾರೆ, ಇಬ್ಬರೂ ಆರೋಗ್ಯ ಅಂತ ನಂಬಿಕೊಂಡಿದ್ದಾರೆ.

ನಿನ್ನೆ ನಾನೇ ಮಿಕ್ಸಿಗೆ ಒಂದು ಹಿಡಿ ಬೀಜ ಹಾಕಿ ತಿರುಗಿಸಿದೆ. ಹತ್ತು ಸೆಕೆಂಡು. ಚಿಕ್ಕಪ್ಪ ಬಟ್ಟಲಿಗೆ ಬಗ್ಗಿ ನೋಡಿದರು.

“ಚೆನ್ನಾಗಿದೆ ಕಣೋ. ಈ ಪುಡಿ ಯಾವ ಕಂಪನಿದು?”