ಐದು ದಿನದಲ್ಲಿ ಎಲ್ಲ ಮುಗಿಯುತ್ತಂತೆ!

ನಿನ್ನೆ ನೆಂಟರ ಮನೆ ಗೃಹಪ್ರವೇಶ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಅಕ್ಕನ ಮಗ, ಹೋಳಿಗೆಗೆ ತುಪ್ಪ ಬೀಳೋ ಹೊತ್ತಿಗೆ ಮೊಬೈಲ್ ತೆಗೆದು ತನ್ನ ಲಡಾಖ್ ಪ್ರವಾಸದ ಪಟ್ಟಿ ತೋರಿಸಿದ. ಐದು ಜನ ಗೆಳೆಯರು. ಮೊದಲನೇ ದಿನ ವಿಮಾನದಲ್ಲಿ ಲೇಹ್. ಎರಡನೇ ದಿನ ಬಾಡಿಗೆ ಬೈಕಿನಲ್ಲಿ ಖರ್ದುಂಗ್ ಲಾ (ಲಾ ಅಂದರೆ ಬೆಟ್ಟ ದಾಟೋ ಕಣಿವೆದಾರಿ) ದಾಟಿ ನುಬ್ರಾ ಕಣಿವೆ. ಮೂರನೇ ದಿನ ಪ್ಯಾಂಗಾಂಗ್ ಸರೋವರ. ನಾಲ್ಕನೇ ದಿನ ಹಾನ್ಲೆ. ಐದನೇ ದಿನ ಉಮ್ಲಿಂಗ್ ಲಾ. "ಚಿಕ್ಕಮ್ಮ, ಐದು ದಿನದಲ್ಲಿ ಎಲ್ಲ ಮುಗಿಯುತ್ತೆ" ಅಂದ. ಆಮೇಲೆ ನನಗೆ ಊಟ ಸೇರಲಿಲ್ಲ.

ಎಲೆ ಮುಂದೆ ಕೂತು ಜಗಳ ಆಡಬಾರದು ಅಂತ ಸುಮ್ಮನಿದ್ದೆ. ರಾತ್ರಿ ನಿದ್ದೆ ಬರಲಿಲ್ಲ. ದೇಹ ಹೊಂದಿಕೊಳ್ಳೋಕೆ ಸಮಯ ಕೊಡದೆ ಎತ್ತರಕ್ಕೆ ಏರಬೇಡಿ ಅಂತ ಪ್ರತಿ ವರ್ಷ ಬೇಸಿಗೆ ಬಂದ ಕೂಡಲೇ ನಾನು ಶುರು ಹಚ್ಕೋತೀನಿ ಅಂತ ನಿಮಗೆ ಅನ್ನಿಸಬಹುದು. ಅನ್ನಿಸಲಿ, ಈ ವರ್ಷವೂ ಹೇಳ್ತೀನಿ.

ಬೆಂಗಳೂರು ಇರೋದು ಸಮುದ್ರಮಟ್ಟದಿಂದ 900 ಚಿಲ್ಲರೆ ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದಲ್ಲೇ ಎತ್ತರದ್ದು ಅನ್ನಿಸಿಕೊಂಡ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಲೇಹ್ ಪೇಟೆ 3,500. ರಾತ್ರಿ ಮನೆಯಲ್ಲಿ ಸಾರು ಅನ್ನ ಉಂಡು ಹೊರಟ ಹುಡುಗ, ಬೆಳಿಗ್ಗೆ ಹೆಚ್ಚುಕಡಿಮೆ ಎರಡು ಮುಳ್ಳಯ್ಯನಗಿರಿಗಳನ್ನ ಒಂದರ ಮೇಲೊಂದು ಇಟ್ಟಷ್ಟು ಎತ್ತರದಲ್ಲಿ ಇಳೀತಾನೆ. ಅವನ ಕಾಲು ಏರಿಲ್ಲ, ಶ್ವಾಸಕೋಶ ಏರಿಲ್ಲ, ವಿಮಾನ ಏರಿದೆ ಅಷ್ಟೇ. ಮಾರನೇ ದಿನ ಖರ್ದುಂಗ್ ಲಾ, 5,359 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರೋದರ ಅರ್ಧದಷ್ಟು. ಒಂದು ಉಸಿರಿಗೆ ಅರ್ಧ ಉಸಿರು.

(ಆ ಕಣಿವೆದಾರಿಯ ಮೇಲಿನ ಬೋರ್ಡು ಎಷ್ಟೋ ವರ್ಷ 18,380 ಅಡಿ ಅಂತಲೇ ಹೇಳ್ತಾ ಬಂತು. ಸರಿಯಾಗಿ ಅಳೆದರೆ 17,582 ಅಡಿ. ಹುಡುಗರು ಹಳೇ ಸಂಖ್ಯೆಯ ಟೀ ಶರ್ಟನ್ನ ಈಗಲೇ ಹೊಲಿಸಿಯಾಗಿದೆ. ಅವರಿಗೆ ಬೇಕಿರೋದು ಸಂಖ್ಯೆ. ನನ್ನ ಸಂಕಟ ಶುರುವಾಗೋದೇ ಅಲ್ಲಿಂದ.)

ಹುಡುಗ ದಡ್ಡನಲ್ಲ. "ನುಬ್ರಾ ಲೇಹ್‌ಗಿಂತ ತಗ್ಗು, ರಾತ್ರಿ ಅಲ್ಲಿ ಮಲಗ್ತೀವಿ" ಅಂದ. ಅದು ನಿಜವೇ. ಅಲ್ಲಿನ ಹುಂದರ್, ದಿಸ್ಕಿತ್ ಊರುಗಳೆಲ್ಲ ಸುಮಾರು 3,100 ಮೀಟರ್. ಹಗಲು ಎಷ್ಟು ಏರಿದೆ ಅನ್ನೋದಕ್ಕಿಂತ ರಾತ್ರಿ ಎಲ್ಲಿ ಮಲಗಿದೆ ಅನ್ನೋದೇ ದೇಹಕ್ಕೆ ಲೆಕ್ಕ. ಆದರೆ ಅವನ ಮೂರನೇ ರಾತ್ರಿ ನೋಡಿ: ಪ್ಯಾಂಗಾಂಗ್ ದಂಡೆ, 4,200ರ ಮೇಲೆ. ಒಂದೇ ದಿನದಲ್ಲಿ ಮಲಗೋ ಜಾಗ ಸಾವಿರ ಮೀಟರಿಗೂ ಹೆಚ್ಚು ಮೇಲಕ್ಕೆ ಹೋಯ್ತು. 3,000 ಮೀಟರ್ ದಾಟಿದ ಮೇಲೆ ಮಲಗೋ ಎತ್ತರವನ್ನ ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬೇಡಿ, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನೆ ಇರಿ ಅಂತಾರೆ ವೈದ್ಯರು. ಇವನ ಪಟ್ಟಿಯಲ್ಲಿ ಸುಮ್ಮನಿರೋ ದಿನವೇ ಇಲ್ಲ. ಐದನೇ ದಿನದ ಉಮ್ಲಿಂಗ್ ಲಾ 5,798 ಮೀಟರ್, ಎವರೆಸ್ಟಿನ ಬೇಸ್ ಕ್ಯಾಂಪಿಗಿಂತ ಎತ್ತರ. ಬೇಸ್ ಕ್ಯಾಂಪಿಗೆ ನಡೆದು ಹೋಗೋರು ಎಂಟೊಂಬತ್ತು ದಿನ ತಗೋತಾರೆ, ನಡುವೆ ಎರಡು ದಿನ ನಿಲ್ಲೋದಕ್ಕೇ ಇಟ್ಕೋತಾರೆ.

ಲೇಹ್‌ನಲ್ಲಿ ಎರಡು ದಿನ ಸುಮ್ಮನೆ ಇರು ಅಂದೆ. "ರಜಾ ಎಲ್ಲಿದೆ ಚಿಕ್ಕಮ್ಮ?" ಅಂದ.

ಈ ರಜದ ಮಾತು ನನಗೆ ಕತ್ತಿಯ ಹಾಗೆ ನಾಟುತ್ತೆ. ಯಾಕೆ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಎಲ್ಲರಿಗೂ ಯಾವತ್ತೂ ಹೇಳಿಲ್ಲ.

2017ರ ಜುಲೈ. ನಾನು, ನನ್ನ ತಮ್ಮ, ಇಬ್ಬರು ಗೆಳತಿಯರು ಹಿಮಾಚಲದ ಸ್ಪಿತಿ ಕಣಿವೆಗೆ ಹೊರಟಿದ್ವಿ. ಶಿಮ್ಲಾದಿಂದ ಕಿನ್ನೌರ್ ಮೇಲೆ ಹೋದರೆ ಕಲ್ಪಾ, ನಾಕೋ, ತಾಬೋ ಅಂತ ದಾರಿಯೇ ನಿಧಾನಕ್ಕೆ ಏರುತ್ತೆ, ದೇಹಕ್ಕೆ ಗೊತ್ತಾಗದ ಹಾಗೆ ಅಭ್ಯಾಸ ಆಗುತ್ತೆ. ಅದಕ್ಕೆ ಮೂರು ದಿನ ಹೆಚ್ಚು ಬೇಕಿತ್ತು. ರಜ ಇಲ್ಲ ಅಂತ ಮನಾಲಿ ದಾರಿ ಆರಿಸಿದವಳು ನಾನೇ. ಮನಾಲಿ 2,050 ಮೀಟರ್. ಬೆಳಿಗ್ಗೆ ಹೊರಟು, ರೋಹ್ತಾಂಗ್ ದಾಟಿ, ಅದೇ ಸಂಜೆ ಚಂದ್ರತಾಲ್ ಕೆರೆ ಹತ್ತಿರದ ಡೇರೆಗೆ. 4,200 ಮೀಟರಿನ ಮೇಲೆ ಮಲಗಿದ್ವಿ. ತಮ್ಮನಿಗೆ ದಾರಿಯಲ್ಲಿ ಸಿಗೋ ಬಾತಲ್‌ನಲ್ಲೇ ತಲೆನೋವು ಶುರುವಾಗಿತ್ತಂತೆ. "ಅಕ್ಕ ಇಷ್ಟು ಆಸೆಪಟ್ಟು ಬಂದಿದ್ದಾಳೆ" ಅಂತ ಹೇಳದೆ ಮಾತ್ರೆ ನುಂಗಿಕೊಂಡಿದ್ದ. ನಮ್ಮೊಳಗೆ ಗಟ್ಟಿಮುಟ್ಟಾಗಿದ್ದವನು ಅವನೇ, ಭಾನುವಾರ ಭಾನುವಾರ ಹತ್ತು ಕಿಲೋಮೀಟರ್ ಓಡ್ತಿದ್ದ. ಓಡೋ ಕಾಲಿಗೂ ಎತ್ತರಕ್ಕೂ ಸಂಬಂಧ ಇಲ್ಲ ಅಂತ ನನಗೆ ಆವತ್ತು ಗೊತ್ತಿರಲಿಲ್ಲ.

ರಾತ್ರಿ ಒಂದೂವರೆಗೆ ವಾಂತಿ. ಎದ್ದು ನಿಂತರೆ ಕುಡಿದವರ ಹಾಗೆ ತೂರಾಟ. ನನ್ನ ಹೆಸರು ಕೇಳಿದರೆ ಅಮ್ಮನ ಹೆಸರು ಹೇಳಿದ. ನಾನು "ಕಾಜಾದಲ್ಲಿ ಆಸ್ಪತ್ರೆ ಇದೆ, ಅಲ್ಲಿಗೆ ಹೋಗೋಣ" ಅಂದೆ. ನಮ್ಮ ಚಾಲಕ ಸ್ಪಿತಿಯವನು. ಕಾಜಾಗೆ ಹೋಗಬೇಕಾದರೆ 4,551 ಮೀಟರಿನ ಕುಂಜುಮ್ ಕಣಿವೆದಾರಿ ಏರಬೇಕು, ಇವರನ್ನ ಇನ್ನೊಂದು ಅಡಿ ಮೇಲೆ ಕರ್ಕೊಂಡು ಹೋಗಬಾರದು ಅಂದ. ಗಾಡಿ ಹಿಂದಕ್ಕೆ ತಿರುಗಿಸಿದ. ಹಗಲು ಬಿಸಿಲಿಗೆ ಹಿಮ ಕರಗಿ ದಾರಿಗೆ ಅಡ್ಡ ಹರಿಯೋ ಹಳ್ಳಗಳಲ್ಲಿ ಆ ಹೊತ್ತಿಗೆ ನೀರು ಇಳಿದಿತ್ತು, ಅದೊಂದೇ ನಮ್ಮ ಪುಣ್ಯ. ಸಂಜೆ ಆಗಿದ್ದರೆ ದಾಟೋಕೆ ಆಗ್ತಿರಲಿಲ್ಲ. ಬಂಡೆಗಳ ಮೇಲೆ ಗಾಡಿ ಕುಲುಕುತ್ತಾ ಕೆಳಗಿನ ಛತ್ರು ಸೇರೋ ಹೊತ್ತಿಗೆ ಬೆಳಕು ಹರಿದಿತ್ತು. ಎಂಟುನೂರು ಮೀಟರಿಗೂ ಹೆಚ್ಚು ಇಳಿದಿದ್ವಿ. ಢಾಬಾದ ಬೆಂಚಿನ ಮೇಲೆ ಮಲಗಿದ್ದವನು ಕಣ್ಣು ಬಿಟ್ಟು "ಅಕ್ಕಾ, ಚಹಾ" ಅಂದ. ಮಿದುಳಿಗೆ ನೀರು ತುಂಬೋ ಮೊದಲ ಹಂತ, ಇಳಿಸಿದ್ದಕ್ಕೆ ಉಳಿದ ಅಂದರು ಮನಾಲಿಯ ವೈದ್ಯರು. ಆ ಚಾಲಕನಿಗೆ ನಾನು ಇವತ್ತಿಗೂ ದೀಪಾವಳಿಗೆ ಫೋನ್ ಮಾಡ್ತೀನಿ.

ಮೂರು ದಿನದ ರಜ ಉಳಿಸೋಕೆ ಹೋಗಿದ್ದೆ ನಾನು.

ಇದನ್ನ ಹೇಳಿದರೆ ಬರೋ ಉತ್ತರ ನನಗೆ ಬಾಯಿಪಾಠ. ಸಾವಿರಾರು ಜನ ಹಾಗೇ ಹೋಗಿ ಬರ್ತಾರಲ್ಲ ಅಂತಾರೆ. ಬರ್ತಾರೆ. ಹೆಲ್ಮೆಟ್ ಇಲ್ಲದೆಯೂ ಸಾವಿರಾರು ಜನ ಮನೆ ಸೇರ್ತಾರೆ. ಡಯಾಮಾಕ್ಸ್ ಮಾತ್ರೆ ಇದೆಯಲ್ಲ ಅಂತಾರೆ. ಅದು ದೇಹ ಹೊಂದಿಕೊಳ್ಳೋದಕ್ಕೆ ಸಹಾಯ ಮಾಡುತ್ತೆ, ದೇಹದ ಬದಲು ತಾನೇ ಹೊಂದಿಕೊಳ್ಳಲ್ಲ. ವೈದ್ಯರನ್ನ ಕೇಳದೆ ನುಂಗೋ ಮಾತ್ರೆಯೂ ಅಲ್ಲ. ಅಲ್ಲಿನ ಜನ ಆರಾಮಾಗಿ ಓಡಾಡ್ತಾರಲ್ಲ ಅಂತಾರೆ. ಅವರು ಅಲ್ಲೇ ಹುಟ್ಟಿದವರು. ಅವರಲ್ಲೂ ಕೆಲವು ತಿಂಗಳು ಬಯಲುಸೀಮೆಯಲ್ಲಿದ್ದು ವಾಪಸ್ ಏರಿದವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡದ್ದುಂಟು.

ಸೈನ್ಯವನ್ನ ನೋಡಿ. 1962ರ ಯುದ್ಧದ ಹೊತ್ತಿನಲ್ಲಿ ಬಯಲಿನಿಂದ ನೇರ ಎತ್ತರಕ್ಕೆ ಕಳಿಸಿದ ಸೈನಿಕರು ಗುಂಡು ತಾಗದೆಯೇ ಕುಸಿದರು. ಆಮೇಲೆ ಇಂದರ್ ಸಿಂಗ್ ಮತ್ತು ಜೊತೆಯ ಸೇನಾ ವೈದ್ಯರು 1,925 ಸೈನಿಕರ ಕಾಯಿಲೆಯನ್ನ ದಾಖಲಿಸಿ 1969ರಲ್ಲಿ ಪ್ರಕಟಿಸಿದರು. ಜಗತ್ತು ಇವತ್ತಿಗೂ ಅದನ್ನ ಓದುತ್ತೆ. ನಮ್ಮ ಸೈನ್ಯದ ಪದ್ಧತಿ ಹೀಗಿದೆ: 2,700 ಮೀಟರಿನಿಂದ 3,600ರವರೆಗೆ ಆರು ದಿನ, 4,500ರವರೆಗೆ ಇನ್ನೂ ನಾಲ್ಕು ದಿನ, ಅದರ ಮೇಲೆ ಮತ್ತೆ ನಾಲ್ಕು. ಗಡಿಯಲ್ಲಿ ಶತ್ರು ನಿಂತಿರುವಾಗಲೂ ಸೈನ್ಯ ತನ್ನ ಹುಡುಗರಿಗೆ ಹದಿನಾಲ್ಕು ದಿನ ಕೊಡುತ್ತೆ. ಫೋಟೋಗೆ ಹೋಗೋ ನಮ್ಮ ಮಕ್ಕಳಿಗೆ ನಾವು ಎರಡು ದಿನ ಕೊಡಲ್ಲ.

ಪ್ರವಾಸ ಮಾರೋರ ಮೇಲೂ ನನಗೆ ಸಿಟ್ಟಿದೆ. ಅವನ ಪಟ್ಟಿಯಲ್ಲಿ ಮೊದಲನೇ ದಿನದ ಮುಂದೆ "ಎತ್ತರಕ್ಕೆ ಹೊಂದಿಕೊಳ್ಳುವಿಕೆ: ಸಂಜೆ ಮಾರುಕಟ್ಟೆಯಲ್ಲಿ ವಿಹಾರ" ಅಂತ ಬರೆದಿದೆ. ಒಂದು ಸಂಜೆ! ಎತ್ತರದಲ್ಲಿ ಉಸಿರಾಟ ಜೋರಾಗಿ ರಕ್ತದ ಹದ ಏರುಪೇರಾಗುತ್ತೆ, ಅದನ್ನ ಮೂತ್ರಪಿಂಡ ಸರಿಮಾಡೋದಕ್ಕೇ ದಿನಗಳು ಬೇಕು. ಕೆಂಪು ರಕ್ತಕಣ ಹೆಚ್ಚೋದಕ್ಕೆ ವಾರಗಳು ಬೇಕು.

ಇನ್ನೊಂದು ಹೇಳಲೇಬೇಕು. ಆ ಸೀಮೆಯವರು ಕಣಿವೆದಾರಿಯ ನೆತ್ತಿ ತಲುಪಿದಾಗ "ಕಿ ಕಿ ಸೋ ಸೋ ಲ್ಹಾರ್ಗ್ಯಾಲೊ" ಅಂತ ಕೂಗ್ತಾರೆ. ಗೆಲುವು ದೇವರುಗಳದ್ದು ಅಂತ ಅದರ ಅರ್ಥ. ಕುಂಜುಮ್ ಮೇಲೆ ದೇವಿಯ ಗುಡಿ ಇದೆ. ಚಾಲಕರು ಎಷ್ಟೇ ಅವಸರ ಇದ್ದರೂ ಗಾಡಿಯನ್ನ ಗುಡಿಗೆ ಒಂದು ಸುತ್ತು ಹಾಕಿಸಿಯೇ ಮುಂದೆ ಹೋಗ್ತಾರೆ. ಹುಟ್ಟಿನಿಂದ ಆ ಗಾಳಿ ಕುಡಿದವರು ಅಲ್ಲಿ ತಲೆಬಾಗಿ ದಾಟ್ತಾರೆ. ನಮ್ಮ ಹುಡುಗರ ಟೀ ಶರ್ಟಿನ ಮೇಲೆ "ಗೆದ್ದೆವು" ಅಂತಿದೆ. ಹೋಗೋ ಮೊದಲೇ.

ಹೋಗಬೇಡಿ ಅಂತ ನಾನು ಯಾರಿಗೂ ಹೇಳಲ್ಲ. ತಾಬೋದ ಬೌದ್ಧ ಮಠದ ಮಣ್ಣಿನ ಗೋಡೆಗಳು 996ರಿಂದ ನಿಂತಿವೆ, ಒಳಗಿನ ಕತ್ತಲಲ್ಲಿ ಬಣ್ಣಗಳು ಇನ್ನೂ ಉಸಿರಾಡ್ತಿವೆ. ನಮ್ಮ ಮಕ್ಕಳು ಅದನ್ನ ನೋಡಲಿ. ಹಳ್ಳಿಯಲ್ಲಿ ಎರಡು ರಾತ್ರಿ ಉಳಿದು ಬಟಾಣಿ ಹೊಲದ ಬದಿಯಲ್ಲಿ ನಡೆಯಲಿ. ಸುಮ್ಮನಿರೋ ಆ ದಿನಗಳಲ್ಲೇ ಕಣಿವೆ ಕಣ್ಣಿಗೆ ಬೀಳೋದು.

ತಮ್ಮ ಚಂದ್ರತಾಲ್ ನೋಡಲೇ ಇಲ್ಲ. ಡೇರೆಯಿಂದ ಕೆರೆ ಬರೀ ಎರಡು ಮೂರು ಕಿಲೋಮೀಟರ್ ದೂರದಲ್ಲಿತ್ತು. ಈ ಸೆಪ್ಟೆಂಬರಿಗೆ ಇಬ್ಬರೂ ಮತ್ತೆ ಹೊರಟಿದ್ದೀವಿ, ಕಿನ್ನೌರ್ ದಾರಿಯಲ್ಲಿ, ಹನ್ನೊಂದು ದಿನ. ಅದಕ್ಕೋಸ್ಕರ ಅವನು ವರ್ಷವೆಲ್ಲ ರಜ ಕೂಡಿಟ್ಟಿದ್ದಾನೆ.

ಅಕ್ಕನ ಮಗ ಇನ್ನೂ ಟಿಕೆಟ್ ಬದಲಾಯಿಸಿಲ್ಲ. ಬೆಳಿಗ್ಗೆ ಫೋನ್ ಮಾಡಿದಾಗ "ನೋಡ್ತೀನಿ ಚಿಕ್ಕಮ್ಮ" ಅಂದ. ರಾತ್ರಿ ಮತ್ತೆ ಮಾಡ್ತೀನಿ. ಈ ಸಲ ತಮ್ಮನ ಕೈಗೂ ಫೋನ್ ಕೊಡ್ತೀನಿ.