ಗೋಲಿ ಗಾತ್ರದ ಮುದ್ದೆ, ಮೂರು ಕ್ವಿಂಟಾಲ್ ಬಿಲ್ಲು

ನಮ್ಮಲ್ಲಿ ಹೋಟೆಲ್ ಅಂದರೆ ತಿನ್ನುವ ಜಾಗ. ಮಲಗುವ ಜಾಗಕ್ಕೆ ಲಾಡ್ಜ್ ಅನ್ನುತ್ತೇವೆ. ಹಾಗಾಗಿ ಭಾವಮೈದ ಫೋನ್ ಮಾಡಿ "ಭಾವ, ಭಾನುವಾರ ಹೋಟೆಲಲ್ಲಿ ಊಟ, ಅವ್ವನ್ನೂ ಕರ್ಕೊಂಡು ಬನ್ನಿ" ಅಂದಾಗ ನಾನು ಸುಮ್ನೆ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದೆ. ಹೆಂಡತಿ ವಾಪಸ್ ಒಳಗೆ ಕಳಿಸಿ ಷೂ ಹಾಕಿಸಿದಳು. ಇದು ಆ ಹೋಟೆಲ್ ಅಲ್ಲ, ಮಲಗುವ ಹೋಟೆಲ್. ಕಾರಿನ ಡಿಕ್ಕಿ ತೆಗೆಸಿ, ಅಡಿಗೆ ಕನ್ನಡಿ ತೂರಿಸಿ ನೋಡಿದ ಮೇಲೆಯೇ ಒಳಗೆ ಬಿಡುವಂಥದ್ದು.

ಅತ್ತೆಯ ಕೈಚೀಲ ಎಕ್ಸ್-ರೇ ಯಂತ್ರದ ಈ ಬಾಯಲ್ಲಿ ಹೋಗಿ ಆ ಬಾಯಲ್ಲಿ ಬಂತು. ಒಳಗಿದ್ದದ್ದು ಎಲೆ ಅಡಿಕೆ ಮತ್ತು ಸುಣ್ಣದ ಡಬ್ಬಿ. ಪರದೆ ಮೇಲೆ ಆ ಡಬ್ಬಿ ಕಂಡು ಗಾರ್ಡ್ ಸ್ವಲ್ಪ ಹೊತ್ತು ಯೋಚನೆಗೆ ಬಿದ್ದ.

"ಉಣ್ಣೋಕೆ ಬಂದವ್ರನ್ನ ಹಿಂಗೆ ತಡಕಾಡ್ತಾರಲ್ಲ. ಉಂಡು ಹೋಗೋವಾಗ ತಡಕಾಡಿದ್ರೆ ಒಂದು ಅರ್ಥ" ಅಂದರು ಅತ್ತೆ.

ಅತ್ತೆ ಮಂಡ್ಯ ಕಡೆಯವರು. ಮೂರು ಎಕರೆ ರಾಗಿ ಬೆಳೆಯುತ್ತಾರೆ. ಬೆಂಗಳೂರಿಗೆ ಬಂದಾಗಲೆಲ್ಲ ಮಗನಿಗೆ ಅವರನ್ನು ಎಲ್ಲಾದರೂ ಕರೆದುಕೊಂಡು ಹೋಗಿ ಬೆರಗುಗೊಳಿಸುವ ಆಸೆ. ಈ ಸಲ ಅವನು ಹುಡುಕಿದ್ದು 'ಸ್ಲೋ ಸಂಡೇ' ಅನ್ನುವ ಏಳು ಸುತ್ತಿನ ಊಟ. ಅವಸರ ಇಲ್ಲ, ಗಡಿಬಿಡಿ ಇಲ್ಲ, ನಿಧಾನವಾಗಿ ಸವಿಯುವ ನಾಡಿನ ರುಚಿ ಅಂತ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದರು. ಕೆಳಗೆ ಇನ್ನೊಂದು ಮಾತಿತ್ತು. ನಾನು ಅದನ್ನು 'ಪ್ರಿಕ್ಸ್ ಫಿಕ್ಸೆ' ಅಂತ ಓದಿದೆ.

"ಪ್ರೀ ಫಿಕ್ಸ್ ಅನ್ಬೇಕು ಭಾವ, ಫ್ರೆಂಚ್ ಅದು. ಬೆಲೆ ಮೊದಲೇ ಫಿಕ್ಸ್ ಮಾಡಿರ್ತಾರೆ."

ಕ್ರಿಕೆಟ್‌ನಲ್ಲಿ ಹೀಗೆ ಮೊದಲೇ ಫಿಕ್ಸ್ ಮಾಡಿದರೆ ಆಟದಿಂದಲೇ ಹೊರಗೆ ಹಾಕುತ್ತಾರೆ. ಇಲ್ಲಿ ತಲೆಗೆ 2,800 ರೂಪಾಯಿ.

ಅಲ್ಲ, ಸೆಟ್ ಮೆನು ನಮಗೇನು ಹೊಸದೇ? ಮದುವೆ ಮನೆಯಲ್ಲಿ ಎಲೆ ಮುಂದೆ ಕೂತ ಮೇಲೆ ನಿಮಗೇನು ಬೇಕು ಅಂತ ಯಾರಾದರೂ ಕೇಳಿದ್ದುಂಟಾ? ಮೂಲೆಗೆ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಚಿತ್ರಾನ್ನ. ಆಮೇಲೆ ಅನ್ನ, ತೊವ್ವೆ, ತುಪ್ಪ. ಸಾರು, ಹುಳಿ, ಪಾಯಸ, ಹೋಳಿಗೆ, ಕೊನೆಗೆ ಮಜ್ಜಿಗೆ. ಎಣಿಸಿದರೆ ಏಳಲ್ಲ, ಹದಿಮೂರು ಸುತ್ತು. ಯಾವ ಬಡಿಸುವವನೂ ನಿಂತು ಈ ಹೆಸರುಬೇಳೆ ಎಲ್ಲಿ ಹುಟ್ಟಿತು, ಅದರ ಬಾಲ್ಯ ಹೇಗಿತ್ತು ಅಂತ ಹೇಳಿದ್ದಿಲ್ಲ. ಹೇಳುತ್ತಾ ನಿಂತರೆ ಮುಂದಿನ ಪಂಕ್ತಿಗೆ ಕಾಯುತ್ತಿರುವವರು ಬಿಡುತ್ತಾರಾ? ಅವರಾಗಲೇ ನಮ್ಮ ಬೆನ್ನ ಹಿಂದೆ ಬಂದು ಕುರ್ಚಿ ಹಿಡಿದಿರುತ್ತಾರೆ. ಸಾರು ಸಾಕು ಅಂತ ಕೈ ಅಡ್ಡ ಇಟ್ಟರೆ ಕೈ ಮೇಲೇ ಬೀಳುತ್ತದೆ. ಎಲೆ ಮೇಲೆ ಓಡುವ ಪಾಯಸವನ್ನು ಅಡ್ಡಗಟ್ಟಿ ಹಿಡಿಯುವುದರಲ್ಲಿ ಊಟ ಮುಗಿದಿರುತ್ತದೆ.

ಹೋಟೆಲಿನಲ್ಲೇ ಆಗಬೇಕು ಅಂದರೆ 1924ರಲ್ಲಿ ಶುರುವಾದ ಎಂ.ಟಿ.ಆರ್. ಲಾಲ್‌ಬಾಗ್ ರಸ್ತೆಯಲ್ಲಿ ಇದೆ. ಭಾನುವಾರ ಅಲ್ಲಿ ಹೆಸರು ಬರೆಸಿ ಕಾಯಬೇಕು, ನಿಜ. ಆದರೆ ಆ ಕಾಯುವುದು ಊಟಕ್ಕೆ ಮೊದಲು. ಇಲ್ಲಿ ಕಾಯುವುದೇ ಊಟ.

ಮೊದಲ ಸುತ್ತಿಗೆ ತಲಾ ಒಂದು ಬಟ್ಟಲು ಬೆಣಚುಕಲ್ಲು ಬಂತು. ಕಲ್ಲಿನ ರಾಶಿಯ ಮೇಲೆ ಒಂದೇ ಒಂದು ಕೋಡುಬಳೆ, ಉಂಗುರದ ಗಾತ್ರದ್ದು. ಅತ್ತೆ ಕಲ್ಲುಗಳನ್ನು ಬೆರಳಲ್ಲಿ ಸರಿಸಿ, ಕೆಳಗೆ ಇನ್ನೇನಾದರೂ ಇದೆಯಾ ನೋಡಿದರು. "ಕಲ್ಲು ಆರ್ಸಿ ಅಡುಗೆ ಮಾಡೋದು ನೋಡಿದ್ದೆ. ಇವ್ರು ಹಾಕಿ ಕೊಡ್ತಾರೆ" ಅಂದರು. ಇಪ್ಪತ್ತು ನಿಮಿಷ ಬಿಟ್ಟು ಎರಡನೇ ಸುತ್ತು. ಕೆಮ್ಮಿನ ಔಷಧಿ ಅಳೆಯುವ ಮುಚ್ಚಳದಷ್ಟು ಲೋಟದಲ್ಲಿ ತಿಳಿಸಾರು. ಅದನ್ನು ಮೂರು ಗುಟುಕಾಗಿ ಕುಡಿಯಬೇಕಂತೆ. ಅತ್ತೆ ಒಂದೇ ಗುಟುಕಿಗೆ ಮುಗಿಸಿ ಮಿಕ್ಕ ಎರಡಕ್ಕೆ ಕಾಯುತ್ತಾ ಕೂತರು. ಮೂರು ಮತ್ತು ನಾಲ್ಕನೆಯದು ನನಗೆ ನೆನಪಿಲ್ಲ. ಹಸಿವಿನಲ್ಲಿ ಯಾರಿಗೆ ನೆನಪಿರುತ್ತದೆ.

ಐದನೆಯದೇ ಮುಖ್ಯವಾದದ್ದು. ಕಪ್ಪು ಸ್ಲೇಟಿನ ಮೇಲೆ, ನಾನು ಅ ಆ ಇ ಈ ತಿದ್ದಿದ ಅಂಥದ್ದೇ ಸ್ಲೇಟು, ಗೋಲಿ ಗಾತ್ರದ ಒಂದು ರಾಗಿ ಮುದ್ದೆ. ಅದರ ನೆತ್ತಿಗೆ ಒಂದು ಎಳೆ ಸೊಪ್ಪು. ಒಂದು ಮೂಲೆಯಲ್ಲಿ ಐದು ಅವರೆಕಾಳು, ಇನ್ನೊಂದು ಮೂಲೆಯಲ್ಲಿ ಚಿಟಿಕೆ ಪಲ್ಯ, ಪುಟ್ಟ ಸೀಸೆಯಲ್ಲಿ ಸಾರು. ಪಕ್ಕದಲ್ಲಿ ಬಿಳಿ ಕೈಗವುಸಿನ ಹುಡುಗ ಕೈಕಟ್ಟಿ ನಿಂತು ಇಂಗ್ಲಿಷಿನಲ್ಲಿ ಶುರು ಮಾಡಿದ. ದಕ್ಷಿಣ ಕರ್ನಾಟಕದ ರೈತಾಪಿ ಜನ, ಅವರ ಬೆವರು, ಫಿಂಗರ್ ಮಿಲೆಟ್ ಡಂಪ್ಲಿಂಗ್, ಅದನ್ನು ಅಗಿಯಬಾರದು, ನುಂಗಬೇಕು. ಭಾವಮೈದ ಅದನ್ನೆಲ್ಲ ಕನ್ನಡಕ್ಕೆ ತಂದು ತಾಯಿಗೆ ಹೇಳಿದ. ಮುದ್ದೆ ನುಂಗುವುದು ಹೇಗೆ ಅಂತ ಮಂಡ್ಯದ ಹೆಂಗಸಿಗೆ ಇಂಗ್ಲಿಷಿನಿಂದ ಅನುವಾದ ಆಗಿ ತಲುಪಿತು. ಅತ್ತೆ ಸಭ್ಯತೆಯಿಂದ ಪೂರ್ತಿ ಕೇಳಿಸಿಕೊಂಡರು.

"ಇದು ಡಿಕನ್‌ಸ್ಟ್ರಕ್ಟೆಡ್ ಬಸ್ಸಾರು ಅವ್ವಾ. ಅಂದ್ರೆ ಸೊಪ್ಪು, ಕಾಳು, ಸಾರು ಎಲ್ಲಾ ಬೇರೆ ಬೇರೆ ಮಾಡಿರ್ತಾರೆ."

"ಬಸ್ದು ಬೇರೆ ಮಾಡೋದ್ಕೇ ಅಲ್ವೇನ್ಲಾ ಬಸ್ಸಾರು ಅನ್ನೋದು?"

ಅವನ ಹತ್ತಿರ ಉತ್ತರ ಇರಲಿಲ್ಲ. ಅತ್ತೆ ಗೋಲಿಯನ್ನು ಸಾರಿನ ಸೀಸೆಗೆ ಅದ್ದಲು ನೋಡಿದರು, ಹಿಡಿಸಲಿಲ್ಲ. ಹಾಗೇ ನುಂಗಿದರು. ನುಂಗಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಹುಡುಗನಿಗೆ ಹೇಳಿದರು: "ಉಪ್ಪು ಖಾರ ಎಲ್ಲಾ ಸರಿಯಾಗೈತೆ ಕಣಪ್ಪ. ಇನ್ನು ಬಡ್ಸು."

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಸಾರಿತಲ್ಲ, ಅಲ್ಲಿಂದ ರಾಗಿಗೆ ಭರ್ಜರಿ ಬಡ್ತಿ ಸಿಕ್ಕಿದೆ. ಸಾಮಾನ್ಯವಾಗಿ ಬಡ್ತಿ ಸಿಕ್ಕವರು ದಪ್ಪ ಆಗುತ್ತಾರೆ. ಮುದ್ದೆ ಮಾತ್ರ ಸಣ್ಣಗಾಯಿತು.

ಏಳನೇ ಸುತ್ತಿನ ಕಾಲು ಹೋಳಿಗೆ ಬರುವಾಗ ಗಂಟೆ ಎರಡೂ ಕಾಲು. ನಿಧಾನ ಅಂತ ಹೇಳಿದ್ದರಲ್ಲ, ನಾವೂ ನಂಬಿ ಕುರ್ಚಿಗೆ ಒರಗಿದ್ದೆವು. ತಕ್ಷಣ ಮ್ಯಾನೇಜರ್ ಬಂದರು. ಬಹಳ ಮರ್ಯಾದಸ್ಥರು. ಎರಡೂವರೆಗೆ ಇದೇ ಮೇಜಿಗೆ ಮುಂದಿನ ಬುಕಿಂಗ್ ಇದೆ, ದಯವಿಟ್ಟು ಕಾಫಿ ಸ್ವಲ್ಪ ಬೇಗ ಮುಗಿಸಬಹುದಾ ಅಂದರು. ತಿರುಗಿ ನೋಡಿದೆ. ಬಾಗಿಲ ಹತ್ತಿರ ಮುಂದಿನ ಪಂಕ್ತಿಯವರು ನಿಂತಿದ್ದರು. ಕುರ್ಚಿ ಹಿಡಿಯುವುದೊಂದು ಬಾಕಿ.

ಬಿಲ್ಲು ಬಂತು. ನಾಲ್ಕು ಊಟಕ್ಕೆ 11,200. ಎರಡು ಬಾಟಲಿ ನೀರಿಗೆ 700. ಸೇವಾ ಶುಲ್ಕ ಶೇಕಡಾ 10. ಅಷ್ಟೂ ಸೇರಿಸಿ ಅದರ ಮೇಲೆ ಜಿಎಸ್‌ಟಿ ಶೇಕಡಾ 18. ಒಟ್ಟು 15,446 ರೂಪಾಯಿ 20 ಪೈಸೆ. ಆ 20 ಪೈಸೆ ಬಿಡದೆ ಬರೆದದ್ದನ್ನು ಮೆಚ್ಚಬೇಕು.

ಸೇವಾ ಶುಲ್ಕವನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದೆಲ್ಲ ನನಗೆ ಗೊತ್ತಿತ್ತು. ತೆಗೆಯಿರಿ ಅಂತ ಹೇಳಲು ಬಾಯಿಯನ್ನೂ ತೆರೆದೆ. ಮ್ಯಾನೇಜರ್ ನಕ್ಕರು. ಹೆಂಡತಿ ಮೇಜಿನ ಕೆಳಗೆ ಕಾಲು ತುಳಿದಳು, ಷೂ ಹಾಕಿಸಿದ್ದು ಒಳ್ಳೆಯದೇ ಆಯಿತು. ಹೈಕೋರ್ಟಿನ ತೀರ್ಪು ನನ್ನ ಗಂಟಲಿನವರೆಗೆ ಬಂದು ಅಲ್ಲೇ ನಿಂತಿತು.

ಆದರೆ ಜಿಎಸ್‌ಟಿ ವಿಷಯ ಅತ್ತೆಗೆ ವಿವರಿಸಲೇಬೇಕಾಯಿತು. ಹೊರಗಿನ ಮಾಮೂಲಿ ಹೋಟೆಲಿನಲ್ಲಿ ಉಂಡರೆ ಶೇಕಡಾ 5. ಇಲ್ಲಿ 18. ಕಾರಣ ಅಡುಗೆಮನೆಯಲ್ಲಿಲ್ಲ, ಮೇಲಿನ ಮಹಡಿಗಳಲ್ಲಿದೆ. ಹೋಟೆಲಿನ ರೂಮಿನ ಬಾಡಿಗೆ ದಿನಕ್ಕೆ 7,500 ದಾಟಿತು ಅಂದರೆ ಅದರೊಳಗಿನ ರೆಸ್ಟೋರೆಂಟಿನ ಊಟಕ್ಕೂ 18 ಬೀಳುತ್ತದೆ. ಅದೇ ಮುದ್ದೆಯನ್ನು ಎದುರಿನ ದರ್ಶಿನಿಯಲ್ಲಿ ಕೊಟ್ಟರೆ, ರಸ್ತೆ ದಾಟಿದ್ದಕ್ಕೇ ತೆರಿಗೆ 13 ಇಳಿಯುತ್ತದೆ.

"ಮೇಲೆ ಯಾವನೋ ಮಲಗವ್ನೆ ಅಂತ ಕೆಳಗೆ ನನ್ನ ಮುದ್ದೆಗೆ ಕಂದಾಯವಾ?" ಅಂದರು ಅತ್ತೆ. ಹಣಕಾಸು ಇಲಾಖೆಯವರು ಇದನ್ನು ಇಷ್ಟು ಸರಳವಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ಆಮೇಲೆ ಅವರು ಬೆರಳು ಮಡಚಿ ಲೆಕ್ಕಕ್ಕೆ ಇಳಿದರು. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಖರೀದಿ ಕೇಂದ್ರದ ಮುಂದೆ ಸಾಲು ನಿಂತವರಿಗೆ ಆ ಅಂಕಿ ಬಾಯಿಪಾಠ. "ಮೂರು ಕ್ವಿಂಟಾಲು ಆಯ್ತು. ಐವತ್ತು ಕೆಜಿದು ಆರು ಮೂಟೆ. ಮೇಲೆ ಏಳ್ನೂರ ಎಂಬತ್ತೆಂಟು ರೂಪಾಯಿ ಉಳೀತದೆ" ಅಂದರು. ಬಸ್ ಚಾರ್ಜಿಗೆ ಇರಲಿ ಬಿಡಿ ಅಂದೆ. "ನಂಗೆ ಬಸ್ಸು ಫ್ರೀ" ಅಂದರು. ಭಾವಮೈದ ಕಾರ್ಡ್ ಉಜ್ಜುತ್ತಿದ್ದ. ಆರು ಮೂಟೆ ಕೊಟ್ಟು ನಾಲ್ಕು ಗೋಲಿ ಕೊಂಡ ರೈತನ ಮಗನ ಮುಖ ಸ್ವಲ್ಪ ಬಾಡಿತ್ತು.

ಲಿಫ್ಟಿನವರೆಗೆ ಬಿಡಲು ಅದೇ ಬಿಳಿ ಕೈಗವುಸಿನ ಹುಡುಗ ಬಂದ. ಅತ್ತಿತ್ತ ನೋಡಿ, ಕೈಗವುಸು ಕಳಚಿ ಅತ್ತೆಯ ಕಡೆ ಬಗ್ಗಿದ.

"ಯಾವೂರಾಯ್ತವ್ವ? ನಂದು ಮದ್ದೂರ್ ಮಗ್ಗುಲು."

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಮತ್ತೆ ಅಷ್ಟೊತ್ತು ಇಂಗ್ಲೀಷಲ್ಲಿ ಅದೇನ್ ವದರ್ತಿದ್ದೆ?"

"ಬರ್ಕೊಟ್ಟವ್ರೆ ಕಣವ್ವ, ಬಾಯಿಪಾಠ ಮಾಡಿವ್ನಿ. ಹೊಟ್ಟೆ ತುಂಬ್ಲಿಲ್ಲ ಅಲ್ವಾ? ಅದೂ ಗೊತ್ತು. ನಮ್ಗೆ ಕೆಳಗೆ ಸ್ಟಾಫ್ ಕ್ಯಾಂಟೀನಲ್ಲಿ ಮುದ್ದೆ ಹಿಂಗಿರ್ತದೆ." ಎರಡೂ ಅಂಗೈ ಜೋಡಿಸಿ ಗಾತ್ರ ತೋರಿಸಿದ. "ಇವತ್ತು ಹುರುಳಿಕಾಳು ಸಾರು."

ಲಿಫ್ಟಿನ ಬಾಗಿಲು ತೆರೆಯಿತು. ಅತ್ತೆ ಒಳಗೆ ಕಾಲಿಡಲಿಲ್ಲ.

"ಅಲ್ಲಿಗೆ ಹೋಗೋಕೆ ಯಾವ ಗುಂಡಿ ಒತ್ಬೇಕಪ್ಪ?"