ಸೂಜಿ ಐದಕ್ಕೆ, ಊಟ ಎಂಟಕ್ಕೆ

"ಸಿಸ್ಟರ್, ಸೂಜಿ ಐದಕ್ಕೆ, ಊಟ ಎಂಟಕ್ಕೆ. ನಡುವೆ ನಾನೇನ್ ಮಾಡ್ಲಿ?"

ಈ ಮಾತು ಕೇಳಿ ಎಷ್ಟೋ ವರ್ಷ ಆಯಿತು. ಇನ್ನೂ ಕಿವಿಯಲ್ಲಿದೆ. ನಾನು ನರ್ಸ್. ಕೆಲವು ವರ್ಷ ಡೆಪ್ಯುಟೇಶನ್ ಮೇಲೆ ಒಂದು ಜೈಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೇನೆ. ಕಳೆದ ವಾರ ನರ್ಸಿಂಗ್ ಓದುವ ಮಕ್ಕಳಿಗೆ ಅಲ್ಲಿನ ವಿಷಯ ಹೇಳುತ್ತಿದ್ದೆ. ಒಬ್ಬಳು ಕೇಳಿದಳು, "ಮೇಡಂ, ಕೈದಿಗಳನ್ನ ಕೇಳ್ಕೊಂಡು ಆಸ್ಪತ್ರೆ ನಡೆಸೋಕಾಗುತ್ತಾ?" ಅಲ್ಲಿ ಪೂರ್ತಿ ಉತ್ತರ ಕೊಡೋಕೆ ಸಮಯ ಇರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಸೂಜಿಯ ವಿಷಯ. ಶುಗರ್ ಇದ್ದ ಒಬ್ಬರು, ಐವತ್ತರ ಆಸುಪಾಸು, ಸಂಜೆ ಏಳಕ್ಕೆಲ್ಲ ಬ್ಯಾರಕ್‌ನಲ್ಲಿ ಬೆವತು, ನಡುಗಿ, ಬಿದ್ದುಬಿಡುತ್ತಿದ್ದರು. ತಿಂಗಳಲ್ಲಿ ಮೂರು ಸಲ ಹಾಗಾಯಿತು. "ನಾಟಕ ಮಾಡ್ತಾನೆ, ಹೊರಗಿನ ಆಸ್ಪತ್ರೆಗೆ ಹೋಗೋ ಆಸೆ" ಅಂತ ಕಾವಲಿನವರು ಅಂದರು. ಡಾಕ್ಟರು ಡೋಸ್ ಕಡಿಮೆ ಮಾಡಿದರು. ಆಗ ಬೆಳಗಿನ ಶುಗರ್ ಮುನ್ನೂರು ದಾಟಿತು. ಮತ್ತೆ ಜಾಸ್ತಿ ಮಾಡಿದೆವು. ಮತ್ತೆ ಬಿದ್ದರು.

ಒಂದು ದಿನ ಓಪಿಡಿ ಖಾಲಿ ಇತ್ತು. ಸುಮ್ನೆ ಪಕ್ಕದಲ್ಲಿ ಕೂರಿಸಿಕೊಂಡು, ಸಂಜೆ ಏನೇನು ಮಾಡುತ್ತೀರಿ ಹೇಳಿ ಅಂತ ಕೇಳಿದೆ. ಆಗ ಬಂತು ಆ ಮಾತು. ಆರಕ್ಕೆ ಲಾಕಪ್, ಅಂದರೆ ಬ್ಯಾರಕ್‌ಗೆ ಬೀಗ. ಸೂಜಿಯನ್ನು ಬ್ಯಾರಕ್ ಒಳಗೆ ಬಿಡುವಂತಿಲ್ಲ, ಹಾಗಾಗಿ ಐದಕ್ಕೇ ಇನ್ಸುಲಿನ್ ಹಾಕಿ ಕಳಿಸುತ್ತಿದ್ದೆವು. ಊಟವನ್ನೂ ಅದೇ ಹೊತ್ತಿಗೆ ಹಂಚುತ್ತಾರೆ. ಆದರೆ ಐದಕ್ಕೆ ಉಂಡರೆ ಬೆಳಗಿನ ತನಕ ಹೊಟ್ಟೆ ತಡೆಯುತ್ತಾ? ಎಲ್ಲರೂ ತಟ್ಟೆ ಮುಚ್ಚಿಟ್ಟು, ಎಂಟಕ್ಕೆ ಒಟ್ಟಿಗೆ ಕೂತು ಉಣ್ಣುತ್ತಾರೆ. ಇವರೂ ಹಾಗೇ ಮಾಡುತ್ತಿದ್ದರು. ಚೀಟಿಯಲ್ಲಿ "ಊಟಕ್ಕೆ ಅರ್ಧ ಗಂಟೆ ಮುಂಚೆ" ಅಂತ ನಾವು ಬರೆದಿದ್ದೆವು. ಇನ್ಸುಲಿನ್ ಹಾಕಿದ ಮೇಲೆ ಊಟ ತಡವಾದರೆ ಶುಗರ್ ತೀರಾ ಇಳಿದುಬಿಡುತ್ತದೆ, ಅವರು ಬೀಳುತ್ತಿದ್ದುದು ಅದಕ್ಕೇ. ಊಟ ಯಾವಾಗ ಅಂತ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಪರಿಹಾರ ಹೇಳಿದ್ದು ಡಾಕ್ಟರೂ ಅಲ್ಲ, ನಾನೂ ಅಲ್ಲ. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಸಜಾ ಕೈದಿ. "ಸೂಜಿ ಹಾಕಿಸ್ಕೊಳ್ಳೋರು ಏಳೇ ಜನ ಅಲ್ವಾ ಸಿಸ್ಟರ್? ಅವರ ತಟ್ಟೆ ಮೊದ್ಲು ಕಳಿಸ್ತೀವಿ. ಇಲ್ಲೇ ಜಗಲಿ ಮೇಲೆ ಕೂತು ಉಂಡು ಹೋಗ್ಲಿ. ರಾತ್ರಿ ಹಸಿವಿಗೆ ಎರಡು ಚಪಾತಿ ಕಟ್ಟಿ ಕೊಡಣ." ಅಷ್ಟೇ. ಹೊಸ ಆದೇಶ ಬೇಕಾಗಲಿಲ್ಲ, ದುಡ್ಡೂ ಬೇಕಾಗಲಿಲ್ಲ. ಅವರು ಬೀಳುವುದು ನಿಂತಿತು.

ಆವತ್ತಿನಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಜೈಲಿನ ಚಿಕಿತ್ಸೆ ಎಲ್ಲಿ ಹಳಿ ತಪ್ಪುತ್ತಿದೆ ಅನ್ನುವುದು ಒಳಗಿರುವವರಿಗೆ ಗೊತ್ತಿರುತ್ತದೆ. ಅವರನ್ನು ಕೇಳುವುದು ನಾವು ಮಾಡುವ ಉಪಕಾರ ಅಲ್ಲ. ಕೇಳದಿದ್ದರೆ ನಮ್ಮ ಕೆಲಸವೇ ಅರ್ಧ.

ಕೆಮ್ಮಿನ ವಿಷಯವೂ ಹೀಗೇ. ಟಿಬಿ ತಪಾಸಣೆಗೆ ತಂಡ ಬಂದಿತ್ತು. ಬ್ಯಾರಕ್ ಬಾಗಿಲಲ್ಲಿ ನಿಂತು "ಎರಡು ವಾರದಿಂದ ಕೆಮ್ಮು ಇರೋರು ಕೈ ಎತ್ತಿ" ಅಂದರು. ಒಂದು ಕೈ ಎದ್ದಿತು. ತುಂಬಿ ತುಳುಕುವ ಬ್ಯಾರಕ್, ಒಬ್ಬನಿಗೆ ಮಾತ್ರ ಕೆಮ್ಮು! ಅರ್ಜಿ ಬರೆದುಕೊಡುತ್ತಿದ್ದ ಒಬ್ಬ ಹಿರಿಯರು ಆಮೇಲೆ ನನ್ನ ಹತ್ತಿರ ಬಂದು ಹೇಳಿದರು. "ಕೆಮ್ಮು ಅಂದ್ರೆ ಬೇರೆ ಕಡೆ ಹಾಕ್ತಾರಮ್ಮ. ಕಿಟಕಿ ಪಕ್ಕದ ಜಾಗ ಹೋಗುತ್ತೆ. ಅಡುಗೆಮನೆ ಕೆಲಸ ಹೋಗುತ್ತೆ. ಕೂಲಿ ಹೋಗುತ್ತೆ. ಯಾರು ಕೈ ಎತ್ತುತ್ತಾರೆ?" ಕಾಯಿಲೆ ವಾಸಿಯಾದ ಮೇಲೆ ಕೆಲಸ, ಜಾಗ ಎರಡೂ ವಾಪಸ್ ಕೊಡುತ್ತೇವೆ ಅಂತ ಅಧಿಕಾರಿಗಳು ಎಲ್ಲರೆದುರು ಮಾತು ಕೊಟ್ಟರು. ಆ ಹಿರಿಯರು ಒಬ್ಬೊಬ್ಬರನ್ನೇ ಮಾತಾಡಿಸಿದರು. ಮರುವಾರ ಕಫದ ಡಬ್ಬಿಗಳು ಸಾಲಾಗಿ ಬಂದವು.

ಟಿಬಿ ಅಂದರೆ ಜೈಲಿನ ಹಳೇ ನಂಟ. ನೆಲ್ಸನ್ ಮಂಡೇಲಾ ಅವರಿಗೇ 1988ರಲ್ಲಿ ದಕ್ಷಿಣ ಆಫ್ರಿಕಾದ ಪೋಲ್ಸ್‌ಮೂರ್ ಜೈಲಿನಲ್ಲಿದ್ದಾಗ ಟಿಬಿ ಬಂದಿತ್ತು. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಕೈದಿಗಳ ನಿಯಮಗಳಿಗೆ ಅವರ ಹೆಸರೇ ಇದೆ. ಹೊರಗಿನ ಜನರಿಗೆ ಸಿಗುವ ಮಟ್ಟದ ಚಿಕಿತ್ಸೆಯೇ ಒಳಗಿರುವವರಿಗೂ ಸಿಗಬೇಕು, ಪುಕ್ಕಟೆ ಸಿಗಬೇಕು ಅಂತ ಆ ನಿಯಮಗಳು ಹೇಳುತ್ತವೆ.

ಈಗ ನಮ್ಮಲ್ಲಿ ಏನಾಗುತ್ತಿದೆ ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನ ಇದ್ದರು. ನೂರು ಜನರ ಜಾಗದಲ್ಲಿ 131 ಜನ. ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು, ಅಂದರೆ ತಪ್ಪು ಇನ್ನೂ ಸಾಬೀತಾಗಿಲ್ಲ. ಆ ಒಂದೇ ವರ್ಷ ಒಳಗೆ ಸತ್ತವರು 1,995 ಜನ. ಅದರಲ್ಲಿ 119 ಆತ್ಮಹತ್ಯೆ. ಇದು ಸರ್ಕಾರದ್ದೇ ಲೆಕ್ಕ. ಉಳಿದವರಲ್ಲಿ ಬಹುಪಾಲು "ಸಹಜ ಸಾವು" ಅನ್ನುವ ಕಾಲಮಿನಲ್ಲಿ ಬರುತ್ತದೆ. ಹೃದಯಾಘಾತ, ಶ್ವಾಸಕೋಶದ ಕಾಯಿಲೆ, ಟಿಬಿ ಎಲ್ಲ ಆ ಕಾಲಮಿನಲ್ಲೇ. ಇದರಲ್ಲಿ ಎಷ್ಟು ಸಾವನ್ನು ಪಕ್ಕದಲ್ಲಿ ಮಲಗಿದ್ದವನು ಮೊದಲೇ ಊಹಿಸಿದ್ದನೋ ಅಂತ ನನಗೆ ಸಂಕಟವಾಗುತ್ತದೆ.

ಜೈಲಿನಲ್ಲಿ ಕಾಯಿಲೆ ಹೇಳಿಕೊಳ್ಳುವ ದಾರಿಯನ್ನೇ ಗಮನಿಸಿ. ಬ್ರಿಟಿಷರ 1894ರ ಕಾರಾಗೃಹ ಕಾಯ್ದೆಯಲ್ಲಿ, ಕೈದಿ ಹುಷಾರಿಲ್ಲ ಅಂದರೆ ಕಾವಲಿನವನು ತಡಮಾಡದೆ ಜೈಲರ್‌ಗೆ ತಿಳಿಸಬೇಕು ಅಂತ ಇದೆ. ಅಂದರೆ ನೋವು ಇರುವವನು ಒಬ್ಬ, ಹೇಳುವವನು ಇನ್ನೊಬ್ಬ. ಕರ್ನಾಟಕಕ್ಕೆ 1963ರಲ್ಲೇ ತನ್ನದೇ ಕಾಯ್ದೆ ಬಂತು. ಆದರೂ ನಾನಿದ್ದ ಕಡೆ ಬ್ಯಾರಕ್‌ನಿಂದ ಆಸ್ಪತ್ರೆಗೆ ಬರುವ ದಾರಿ ವಾರ್ಡರ್, ಅಂದರೆ ಕಾವಲಿನವರ ಮೂಲಕವೇ ಇತ್ತು. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಜನ ರಾತ್ರಿ ಎರಡಕ್ಕೆ ನನ್ನನ್ನು ಎಬ್ಬಿಸಿ ರೋಗಿಯನ್ನು ತೋರಿಸಿದ್ದಾರೆ. ಆದರೆ ಒಬ್ಬರ ಒಳ್ಳೇತನದ ಮೇಲೆ ನೂರು ಜನರ ಜೀವ ನಿಲ್ಲಬಾರದು.

ಜೈಲಿನ ಒಳಗಿಂದ ಬಂದ ದನಿ ಕಾನೂನನ್ನೇ ಬದಲಿಸಿದ್ದೂ ಇದೆ. ತಿಹಾರ್‌ನಲ್ಲಿದ್ದ ಸುನಿಲ್ ಬಾತ್ರಾ ಸುಪ್ರೀಂ ಕೋರ್ಟ್‌ಗೆ ಒಂದು ಪತ್ರ ಬರೆದರು. ತಮ್ಮ ಬಗ್ಗೆ ಅಲ್ಲ, ಹಿಂಸೆಯಿಂದ ಗಾಯಗೊಂಡ ಇನ್ನೊಬ್ಬ ಕೈದಿಯ ಬಗ್ಗೆ. ಕೋರ್ಟ್ ಆ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡಿತು. ಜೈಲುಗಳಲ್ಲಿ ದೂರು ಪೆಟ್ಟಿಗೆ ಇಡಬೇಕು ಅಂತ ಹೇಳಿದ್ದು ಆ ಪ್ರಕರಣದಲ್ಲೇ. 1993ರಲ್ಲಿ ಪೊಲೀಸ್ ಅಧಿಕಾರಿ ಕಿರಣ್ ಬೇಡಿ ತಿಹಾರ್‌ಗೆ ಮುಖ್ಯಸ್ಥರಾಗಿ ಬಂದಾಗ ಪೆಟ್ಟಿಗೆಯನ್ನು ಒಂದು ಕಡೆ ನೇತುಹಾಕದೆ ಬ್ಯಾರಕ್‌ಗಳಿಗೇ ಓಡಾಡಿಸಿದರು, ಕೈದಿಗಳದೇ ಪಂಚಾಯಿತಿಗಳನ್ನು ಮಾಡಿದರು. ಕೇಂದ್ರದ 2016ರ ಮಾದರಿ ಕೈಪಿಡಿಯಲ್ಲೂ ಕೈದಿಗಳ ಪಂಚಾಯಿತಿ ಇದೆ. ಅಂದರೆ ಇದು ಹೊಸ ಕಲ್ಪನೆ ಏನಲ್ಲ. ಆದರೆ ಅಂಥ ಪಂಚಾಯಿತಿಗೆ ಕ್ರಿಕೆಟ್ ಪಂದ್ಯ, ಹಬ್ಬದ ಅಡುಗೆ ಮಾತ್ರ ಒಪ್ಪಿಸಿದರೆ ಸಾಕಾ? ಔಷಧಿ ಎಷ್ಟು ದಿನದಿಂದ ಸ್ಟಾಕ್ ಇಲ್ಲ, ಹೊರಗಿನ ಆಸ್ಪತ್ರೆಗೆ ಯಾರ ಸರದಿ ಪೊಲೀಸ್ ಎಸ್ಕಾರ್ಟ್ ಇಲ್ಲದೆ ತಪ್ಪಿತು, ಇದೂ ಅವರ ಸಭೆಯಲ್ಲಿ ಬರಬೇಕು. ಡಾಕ್ಟರ್ ಅಲ್ಲಿ ಕೂತು ಉತ್ತರ ಹೇಳಬೇಕು.

ಬೇರೆ ದೇಶಗಳಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ವೇಲ್ಸ್‌ನ ಸ್ವಾನ್ಸಿ ಜೈಲಿನಲ್ಲಿ 1991ರಲ್ಲಿ ಸಮಾರಿಟನ್ಸ್ ಸಂಸ್ಥೆ ಕೈದಿಗಳಿಗೇ ತರಬೇತಿ ಕೊಟ್ಟು, ಸಾಯಬೇಕು ಅನ್ನಿಸಿದವರ ಮಾತು ಕೇಳಿಸಿಕೊಳ್ಳುವ ಕೆಲಸ ವಹಿಸಿತು. ಐರ್ಲೆಂಡ್‌ನಲ್ಲಿ 2009ರಲ್ಲಿ ಡಬ್ಲಿನ್‌ನ ವೀಟ್‌ಫೀಲ್ಡ್ ಜೈಲಿನಲ್ಲಿ ಕೈದಿಗಳು ರೆಡ್ ಕ್ರಾಸ್ ಸ್ವಯಂಸೇವಕರಾದರು. ಪ್ರಥಮ ಚಿಕಿತ್ಸೆ, ಕೈ ತೊಳೆಯುವುದು, ಟಿಬಿ, ಎಚ್‌ಐವಿ ಎಲ್ಲವನ್ನೂ ಅವರೇ ಜೊತೆಯವರಿಗೆ ಹೇಳಿಕೊಟ್ಟರು. ಆಮೇಲೆ ಅದು ಆ ದೇಶದ ಎಲ್ಲ ಜೈಲುಗಳಿಗೂ ಹೋಯಿತು.

ನಮ್ಮ ನಿಮ್ಹಾನ್ಸ್‌ನವರು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಐದು ಸಾವಿರಕ್ಕೂ ಜಾಸ್ತಿ ಜನರ ಮಾನಸಿಕ ಆರೋಗ್ಯದ ಅಧ್ಯಯನ ಮಾಡಿ 2011ರಲ್ಲಿ ವರದಿ ಕೊಟ್ಟರು. ಅಷ್ಟು ಜನರನ್ನು ಮಾತಾಡಿಸಬಹುದು ಅಂತ ತೋರಿಸಿದ್ದು ನಮ್ಮ ರಾಜ್ಯವೇ. ಅದನ್ನು ಒಂದು ಸಲದ ಅಧ್ಯಯನಕ್ಕೆ ಬಿಡದೆ ಪ್ರತಿ ತಿಂಗಳ ಅಭ್ಯಾಸ ಮಾಡಿಕೊಳ್ಳೋಣ ಅಂತ ನಾನು ಕೇಳುವುದು.

ಹುಷಾರಾಗಿರಬೇಕಾದ ಕಡೆಯೂ ಇದೆ. ಜೈಲಿನಲ್ಲಿ ದುಡ್ಡು, ತೋಳ್ಬಲ ಇರುವವನೇ ಎಲ್ಲದಕ್ಕೂ ಮುಂದೆ ಬರುತ್ತಾನೆ. ಬ್ಯಾರಕ್‌ನವರ ಕಾಯಿಲೆ ವಿಷಯ ನಮಗೆ ತಿಳಿಸಲು ಕೈದಿಗಳಲ್ಲೇ ಒಬ್ಬರನ್ನು ಆರೋಗ್ಯದ ಪ್ರತಿನಿಧಿ ಮಾಡುವಾಗ, ಅದೂ ಅವನೇ ಆದರೆ ಮಾತ್ರೆಗೂ ಲಂಚ ಕೊಡಬೇಕಾದೀತು. ಆರಿಸುವಾಗ ಬ್ಯಾರಕ್‌ನವರ ಒಪ್ಪಿಗೆ ಬೇಕು, ಕೆಲವು ತಿಂಗಳಿಗೆ ಬದಲಾಗುತ್ತಿರಬೇಕು. ಜಾತಿಯ ಲೆಕ್ಕವಂತೂ ಬರಲೇಬಾರದು. ಜೈಲಿನ ಒಳಗೆ ಜಾತಿ ನೋಡಿ ಕೆಲಸ ಹಂಚುವುದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಆಸ್ಪತ್ರೆಯ ಕಕ್ಕಸು ತೊಳೆಯಲು ಒಂದು ಜಾತಿ, ರಿಜಿಸ್ಟರ್ ಬರೆಯಲು ಇನ್ನೊಂದು ಜಾತಿ ಅಂತಾದರೆ ಆ ಸೇವೆಗೆ ಅರ್ಥವೇ ಇಲ್ಲ.

ಗುಟ್ಟಿನ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಯಾರ ಎಚ್‌ಐವಿ ರಿಪೋರ್ಟೂ ಜೊತೆ ಕೈದಿಯ ಕೈಗೆ ಹೋಗಬಾರದು. "ಡಾಕ್ಟರ್ ಹತ್ರ ಹೋಗೋಣ ಬಾ" ಅನ್ನುವ ತನಕ ಆ ಪ್ರತಿನಿಧಿಯ ಕೆಲಸ, ಮುಂದಿನದು ನಮ್ಮದು. ಡಾಕ್ಟರ್ ಹುದ್ದೆ ಖಾಲಿ ಬಿಟ್ಟು ಕೈದಿಗಳ ಕೈಲಿ ಮಾತ್ರೆ ಹಂಚಿಸಿದರೆ ಅದನ್ನು ನಾನು ಒಪ್ಪಲ್ಲ. ಮಾಡಿದ ಕೆಲಸಕ್ಕೆ ಕೂಲಿಯೂ ಕೊಡಬೇಕು.

ಹೆಣ್ಣುಮಕ್ಕಳ ಬ್ಯಾರಕ್ ಮರೆಯಬೇಡಿ. ಜನ ಕಡಿಮೆ ಅಂತ ಅವರ ಸರದಿ ಯಾವಾಗಲೂ ಕೊನೆಗೆ. ನಾನಿದ್ದಾಗ ಪ್ಯಾಡ್‌ಗಳನ್ನು ಎಣಿಸಿ ಕೊಡುತ್ತಿದ್ದರು, ಎಲ್ಲರಿಗೂ ಒಂದೇ ಲೆಕ್ಕ. ಹೆಚ್ಚು ಬ್ಲೀಡಿಂಗ್ ಆಗುವ ಒಬ್ಬಳು ಬಟ್ಟೆ ಹರಿದು ಬಳಸುತ್ತಿದ್ದಳು. ಯಾರೂ ಕೇಳಲಿಲ್ಲ ಅಂತ ನಾಲ್ಕು ತಿಂಗಳು ಹೇಳಿರಲಿಲ್ಲ. ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ ಆರು, ಇರಬೇಕಾದ್ದರ ಅರ್ಧ.

ನಾನು ವರ್ಗವಾಗಿ ಬರುವ ಸ್ವಲ್ಪ ದಿನ ಮುಂಚೆ, ಆ ಸೂಜಿಯವರು ಒಬ್ಬ ಹುಡುಗನ ಕೈ ಹಿಡಿದುಕೊಂಡು ಓಪಿಡಿಗೆ ಬಂದರು. ಹೊಸದಾಗಿ ಬಂದ ವಿಚಾರಣಾಧೀನ ಕೈದಿ, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಸೇರಿಸಿಕೊಳ್ಳುವಾಗ ಮಾಡಿದ ತಪಾಸಣೆಯಲ್ಲಿ ನನಗೇನೂ ಕಾಯಿಲೆ ಇಲ್ಲ ಅಂದಿದ್ದನಂತೆ.

"ನನ್ನ ಪಕ್ಕದಲ್ಲೇ ಮಲಗ್ತಾನೆ ಸಿಸ್ಟರ್. ರಾತ್ರಿ ಆರು ಸಲ ಎದ್ದ. ಪ್ರತಿ ಸಲ ಚೊಂಬು ತುಂಬ ನೀರು ಕುಡಿದ. ಇವನ ಶುಗರ್ ನೋಡಿ."

ಬೆರಳು ಚುಚ್ಚಿ ನೋಡಿದೆ. 468.